ಹಡ್ಲಿನ ಅಂಚಿನಲ್ಲಿ ಹತ್ತು ಜನರ ಮದುವೆ

"ಚಿಕ್ಕಮಗಳೂರಿನ ಕಡೆ ಎಲ್ಲಾದರೂ ಒಂದು ತೋಟದಲ್ಲಿ, ನೀರಿನ ಪಕ್ಕ, ಸದ್ದಿಲ್ಲದೆ ಮದುವೆ ಆಗಬೇಕು. ಜೊತೆಗೆ ನಾಲ್ಕೈದು ಜನ ಇದ್ದರೆ ಸಾಕು. ಏನೇನು ಬೇಕು?" ಮಳೆಗಾಲ ಮುಗಿಯುತ್ತಿದ್ದಂತೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವಾಗ ಏನಾದರೂ ಒಂದು ಬಿಟ್ಟುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನೀವು ಫೋಟೋದಲ್ಲಿ ನೋಡಿ ಆಸೆಪಡುವ ಆ ಜಾಗಕ್ಕೆ ಮಲೆನಾಡಿನಲ್ಲಿ ಹಡ್ಲು ಅನ್ನುತ್ತಾರೆ. ಎರಡು ಗುಡ್ಡಗಳ ನಡುವಿನ ತಗ್ಗು, ಒಳಗಿನಿಂದ ನೀರು ಒಸರುತ್ತಲೇ ಇರುವ ಜೌಗು ನೆಲ. ಎಷ್ಟೋ ಹಡ್ಲುಗಳು ಹಿಂದೆ ಭತ್ತದ ಗದ್ದೆಗಳಾಗಿದ್ದವು. ಸಾಗುವಳಿ ನಿಂತ ಮೇಲೆ ಜೊಂಡು, ಕೆಸು, ಕೇದಗೆ ಎದ್ದು ನಿಂತಿವೆ. ಮೂಡಿಗೆರೆ, ಸಕಲೇಶಪುರ, ಬೇಲೂರು, ಕೊಪ್ಪದ ಕಡೆ ಕೆಲವು ಕಾಫಿ ತೋಟದವರು ಇಂಥ ತಗ್ಗಿನಲ್ಲಿ ಸಣ್ಣ ಕೆರೆ ತೆಗೆಸಿ, ನೈದಿಲೆ ಬಿಟ್ಟು, ಅಂಚಿಗೆ ಸುರುಳಿ ಸುಗಂಧಿ ಹಾಕಿ ಚೆಂದವಾಗಿ ಇಟ್ಟುಕೊಂಡಿದ್ದಾರೆ. ನಿಜವಾಗಿಯೂ ಚೆಂದ. ಆದರೆ ಅದು ಕಲ್ಯಾಣ ಮಂಟಪ ಅಲ್ಲ. ಹಡ್ಲು ಹೇಳಿದ ಹಾಗೆ ನೀವು ಕೇಳಬೇಕು. ನೀವು ಹೇಳಿದ ಹಾಗೆ ಅದು ಕೇಳುವುದಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕಾಗದದ ಮದುವೆ, ಅಂದರೆ ಕಾನೂನಿನ ಲೆಕ್ಕದ ಮದುವೆ, ಬೇರೆ. ತೋಟದ ಮದುವೆ ಬೇರೆ. ಇವೆರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಮುಗಿಸುತ್ತೇವೆ ಎಂದು ಹೊರಟವರೇ ಜಾಸ್ತಿ ಕಷ್ಟಪಟ್ಟಿದ್ದಾರೆ. ಕಾಗದ ಮೊದಲು ಆಗಲಿ.

1. ಸದ್ದಿಲ್ಲದ ಮದುವೆಯೋ, ಹೇಳದೆ ಕೇಳದೆ ಆಗುವ ಮದುವೆಯೋ?

ನನ್ನನ್ನು ಕೇಳುವವರಲ್ಲಿ ಎರಡು ಬಗೆ. ಮನೆಯವರಿಗೆ ಗೊತ್ತಿದೆ, ಒಪ್ಪಿಗೆಯೂ ಇದೆ, ಆದರೆ ಸಾವಿರ ಜನರ ಊಟ, ಸಾಲ, ಗದ್ದಲ ಬೇಡ ಅನ್ನುವವರು ಒಂದು ಬಗೆ. ಮನೆಯಲ್ಲಿ ಒಪ್ಪುತ್ತಿಲ್ಲ, ಜಾತಿಯೋ ಧರ್ಮವೋ ಅಡ್ಡ ಬಂದಿದೆ, ಬೇರೆ ದಾರಿ ಇಲ್ಲ ಅನ್ನುವವರು ಇನ್ನೊಂದು ಬಗೆ. ತೋಟದ ತಯಾರಿ ಇಬ್ಬರಿಗೂ ಒಂದೇ. ಕಾಗದದ ದಾರಿ ಮಾತ್ರ ಸ್ವಲ್ಪ ಬೇರೆ.

ಎರಡನೇ ಬಗೆಯವರು ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಲೇಬೇಕು. ಒಂದು ದಿನ ಕಡಿಮೆ ಇದ್ದರೂ ಆಗುವುದಿಲ್ಲ. ಹುಡುಗಿಗೆ 18 ತುಂಬಿಲ್ಲದಿದ್ದರೆ ಬಾಲ್ಯವಿವಾಹ ನಿಷೇಧ ಕಾಯ್ದೆ, ಅಪಹರಣ, ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಎಲ್ಲವೂ ಬರುತ್ತವೆ. ಅಲ್ಲಿ ಪ್ರೀತಿಯ ಮಾತು ನಡೆಯುವುದಿಲ್ಲ. ಕಾಯಿರಿ.

ಇಬ್ಬರಿಗೂ ವಯಸ್ಸು ತುಂಬಿದ್ದರೆ ಕಾನೂನು ನಿಮ್ಮ ಜೊತೆಗಿದೆ. ವಯಸ್ಕರು ತಮಗೆ ಇಷ್ಟ ಬಂದವರನ್ನು ಮದುವೆಯಾಗಬಹುದು, ಒಪ್ಪದ ಮನೆಯವರು ಬೇಕಾದರೆ ಸಂಬಂಧ ಬಿಡಬಹುದೇ ಹೊರತು ಬೆದರಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಇಂಥ ಜೋಡಿಗಳಿಗೆ ರಕ್ಷಣೆ ಕೊಡುವುದು ಪೊಲೀಸರ ಕೆಲಸ ಎಂದು 2018ರಲ್ಲಿ ವಿವರವಾಗಿ ಹೇಳಿದೆ. ಬೆದರಿಕೆ ಇದ್ದರೆ ತುರ್ತಿಗೆ 112, ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100. ಈ ನಂಬರುಗಳನ್ನು ಈಗಲೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಬೆದರಿಕೆ ಇರುವಾಗ ಒಂಟಿ ತೋಟದ ಮನೆಗೆ ಮಾತ್ರ ಹೋಗಬೇಡಿ. ತೋಟದಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ, ದಾರಿ ಒಂದೇ ಇರುತ್ತದೆ, ಕೂಗಿದರೆ ಕೇಳುವವರಿಲ್ಲ. ಮೊದಲು ಪೇಟೆಯಲ್ಲಿ ಕಾಗದ ಮುಗಿಸಿ. ಗಲಾಟೆ ತಣ್ಣಗಾದ ಮೇಲೆ ತೋಟಕ್ಕೆ ಬನ್ನಿ. ಹಡ್ಲು ಎಲ್ಲಿಗೂ ಹೋಗುವುದಿಲ್ಲ.

2. ಕಾಗದ: ಕನಿಷ್ಠ ಎರಡೂವರೆ ತಿಂಗಳು ಇಟ್ಟುಕೊಳ್ಳಿ

ಎರಡು ದಾರಿಗಳಿವೆ.

ಮೊದಲನೆಯದು 1954ರ ವಿಶೇಷ ವಿವಾಹ ಕಾಯ್ದೆ. ಯಾವ ಜಾತಿ, ಯಾವ ಧರ್ಮವಾದರೂ ನಡೆಯುತ್ತದೆ. ಪುರೋಹಿತರು ಬೇಡ, ಶಾಸ್ತ್ರ ಬೇಡ. ಜನ ರಿಜಿಸ್ಟರ್ ಮದುವೆ ಅನ್ನುವುದು ಸಾಮಾನ್ಯವಾಗಿ ಇದಕ್ಕೇ. ತೋಟದ ಮದುವೆ ಬಯಸುವವರಿಗೆ ಇದೇ ಒಳ್ಳೆಯ ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾನೂನಿನ ಕೆಲಸವೆಲ್ಲ ಕಚೇರಿಯಲ್ಲೇ ಮುಗಿಯುವುದರಿಂದ ತೋಟದಲ್ಲಿ ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು.

ಅದು ನಡೆಯುವುದು ಹೀಗೆ. ಮೊದಲು ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅಂದರೆ ನಾವಿಬ್ಬರೂ ಮದುವೆ ಆಗಲಿದ್ದೇವೆ ಎಂಬ ಲಿಖಿತ ತಿಳಿವಳಿಕೆ. ಇದನ್ನು ಕೊಡುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಅರ್ಜಿ ತುಂಬಲು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ಜಾಲತಾಣ ಇದೆ. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. 30 ದಿನ ಕಾಯಬೇಕು. ಆ ಅವಧಿಯಲ್ಲಿ ಯಾರಾದರೂ ಕಾನೂನಿಗೆ ಒಪ್ಪುವ ಆಕ್ಷೇಪಣೆ ತರಬಹುದು. ಮೊದಲೇ ಮದುವೆಯಾಗಿದೆ, ವಯಸ್ಸು ತುಂಬಿಲ್ಲ, ಹೀಗೆ. ಜಾತಿ ಬೇರೆ ಎನ್ನುವುದು ಆಕ್ಷೇಪಣೆಯೇ ಅಲ್ಲ. ಅಪ್ಪ ಅಮ್ಮ ಒಪ್ಪಿಲ್ಲ ಎನ್ನುವುದೂ ಅಲ್ಲ.

30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳ ಜೊತೆ ಹೋಗಿ ಘೋಷಣೆಗೆ ಸಹಿ ಮಾಡಬೇಕು. ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಇಬ್ಬರೂ ಒಬ್ಬರನ್ನೊಬ್ಬರು ಕಾನೂನುಬದ್ಧ ಪತಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಎಲ್ಲರಿಗೂ ಅರ್ಥವಾಗುವ ಯಾವ ಭಾಷೆಯಾದರೂ ಸರಿ. ಕನ್ನಡದಲ್ಲೇ ಹೇಳಿ. ಆಮೇಲೆ ಪ್ರಮಾಣಪತ್ರ.

ಇದರಲ್ಲಿ ಜನ ಎಡವುವ ಜಾಗಗಳು ಇವು.

ವಾಸದ ವಿಷಯ: ನೋಟಿಸ್ ಕೊಡುವ ಜಿಲ್ಲೆಯಲ್ಲಿ ನಿಮ್ಮಿಬ್ಬರಲ್ಲಿ ಒಬ್ಬರಾದರೂ ಅದಕ್ಕೆ ಮುಂಚಿನ 30 ದಿನ ವಾಸವಾಗಿರಬೇಕು. ಹೋಂಸ್ಟೇಯಲ್ಲಿ ಎರಡು ರಾತ್ರಿ ಮಲಗಿದರೆ ಅದು ವಾಸ ಆಗುವುದಿಲ್ಲ. ಬೆಂಗಳೂರಿನಲ್ಲಿ ಇರುವವರು ಬೆಂಗಳೂರಿನಲ್ಲೇ, ಮೈಸೂರಿನವರು ಮೈಸೂರಿನಲ್ಲೇ ನೋಟಿಸ್ ಕೊಟ್ಟು ಅಲ್ಲೇ ಮದುವೆ ಮುಗಿಸಿ. ತೋಟಕ್ಕೆ ಬರಲು ಕಾಗದ ಚಿಕ್ಕಮಗಳೂರಿನದ್ದೇ ಆಗಬೇಕೆಂದಿಲ್ಲ.

ಗುಟ್ಟಿನ ವಿಷಯ: ನಿಮ್ಮ ಕಾಯಂ ಊರು ಬೇರೆ ಜಿಲ್ಲೆಯಲ್ಲಿದ್ದರೆ ನೋಟಿಸಿನ ಒಂದು ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗುತ್ತದೆ. ಅಲ್ಲೂ ಅಂಟಿಸುತ್ತಾರೆ. ಊರು ಸಣ್ಣದು, ಬಾಯಿ ದೊಡ್ಡದು. ಮನೆಯಲ್ಲಿ ಹೇಳದೆ ಮಾಡುತ್ತಿದ್ದರೆ ಈ 30 ದಿನದಲ್ಲಿ ಗೊತ್ತಾಗಬಹುದು ಎಂದುಕೊಂಡೇ ಹೆಜ್ಜೆ ಇಡಿ. ಅಪಾಯ ಇದೆ ಅನಿಸಿದರೆ ನೋಟಿಸ್ ಕೊಡುವ ಮೊದಲೇ ವಕೀಲರನ್ನು ನೋಡಿ.

ಅವಧಿಯ ವಿಷಯ: ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಸತ್ತ ಹಾಗೆ. ಮತ್ತೆ ಮೊದಲಿನಿಂದ ಶುರು. ಅಕ್ಟೋಬರ್ 10ಕ್ಕೆ ನೋಟಿಸ್ ಕೊಟ್ಟು, ಅವತ್ತೇ ಅದನ್ನು ಅಂಟಿಸಿದರು ಎಂದುಕೊಳ್ಳಿ. ನವೆಂಬರ್ ಎರಡನೇ ವಾರದಿಂದ ಜನವರಿ 9ರವರೆಗೆ ನಿಮ್ಮ ಕಿಟಕಿ ತೆರೆದಿರುತ್ತದೆ. ಕಚೇರಿಯ ಮದುವೆಯ ದಿನಾಂಕವನ್ನು ಈ ಕಿಟಕಿಯ ಒಳಗೇ ಹುಡುಕಿ. ಹಾಗೆಯೇ ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ. ಶನಿವಾರ ಬೆಳಿಗ್ಗೆ ಕಚೇರಿ, ಸಂಜೆ ತೋಟ ಎಂದು ಲೆಕ್ಕ ಹಾಕಿದವರು ಬೀಗ ನೋಡಿ ಬಂದಿದ್ದಾರೆ.

ದಾಖಲೆಗಳು: ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ವಾಸಕ್ಕೆ ಆಧಾರ್ ಅಥವಾ ಬಾಡಿಗೆ ಕರಾರು, ಫೋಟೋಗಳು, ಅಫಿಡವಿಟ್, ಅಂದರೆ ನೋಟರಿ ಮುಂದೆ ಮಾಡಿದ ಪ್ರಮಾಣದ ಕಾಗದ. ಮೊದಲು ಮದುವೆಯಾಗಿದ್ದರೆ ವಿಚ್ಛೇದನದ ತೀರ್ಪು ಅಥವಾ ಸಂಗಾತಿಯ ಮರಣ ಪ್ರಮಾಣಪತ್ರ. ಹೆಸರಿನ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮೂವರು ಸಾಕ್ಷಿಗಳೂ ಅಸಲು ಗುರುತಿನ ಚೀಟಿ ತರಬೇಕು, ಫೋನಿನ ಫೋಟೋ ನಡೆಯುವುದಿಲ್ಲ.

ಕಾಯ್ದೆಯಲ್ಲಿ ಇನ್ನೊಂದು ಅವಕಾಶ ಇದೆ. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯಿಂದ ತಕ್ಕಷ್ಟು ದೂರದೊಳಗಿನ ಬೇರೆ ಜಾಗದಲ್ಲೂ ಮದುವೆ ನಡೆಸಬಹುದು. ತೋಟಕ್ಕೇ ಅಧಿಕಾರಿ ಬರಲಿ ಎಂದು ಕೇಳುವುದು ತಪ್ಪಲ್ಲ. ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಕಚೇರಿಯ ಕೆಲಸ ಬಿಟ್ಟು, ಗುಂಡಿ ಬಿದ್ದ ತೋಟದ ರಸ್ತೆಯಲ್ಲಿ ಅವರು ನಿಮ್ಮ ಮುಹೂರ್ತಕ್ಕೆ ತಲುಪಬೇಕಲ್ವಾ?

ಎರಡನೇ ದಾರಿ 1955ರ ಹಿಂದೂ ವಿವಾಹ ಕಾಯ್ದೆ. ಇಬ್ಬರೂ ಹಿಂದೂಗಳಾಗಿದ್ದರೆ (ಬೌದ್ಧ, ಜೈನ, ಸಿಖ್ಖರೂ ಇದರಲ್ಲಿ ಸೇರುತ್ತಾರೆ) ಶಾಸ್ತ್ರದ ಪ್ರಕಾರ ಮದುವೆಯಾಗಿ ಆಮೇಲೆ ನೋಂದಣಿ ಮಾಡಿಸಬಹುದು. 30 ದಿನದ ನೋಟಿಸ್ ಇಲ್ಲ. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. "ಒಂದೇ ದಿನದಲ್ಲಿ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ" ಎನ್ನುವ ಮಧ್ಯವರ್ತಿಗಳು ಶಾಸ್ತ್ರವೇ ನಡೆಯದ ಮದುವೆಗೆ ಕಾಗದ ಹುಟ್ಟಿಸುತ್ತಾರೆ. ಸಪ್ತಪದಿಯಂಥ ಶಾಸ್ತ್ರಗಳು ನಡೆಯದಿದ್ದರೆ ಬರೀ ಪ್ರಮಾಣಪತ್ರದಿಂದ ಹಿಂದೂ ಮದುವೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಖಡಾಖಂಡಿತವಾಗಿ ಹೇಳಿದೆ. ನಾಳೆ ವೀಸಾ, ಆಸ್ತಿ, ಪಿಂಚಣಿ ಅಂತ ಹೋದಾಗ ಆ ಕಾಗದ ಕೈಕೊಡಬಹುದು. ಈ ದಾರಿ ಹಿಡಿದರೆ ತೋಟದಲ್ಲಿ ಶಾಸ್ತ್ರ ಪೂರ್ತಿ ನಡೆಯಲಿ, ಫೋಟೋ ಇರಲಿ, ಸಾಕ್ಷಿಗಳಿರಲಿ.

ಸೋದರಮಾವನ ಮಗಳು, ಸೋದರತ್ತೆಯ ಮಗ, ಇಂಥ ಸಂಬಂಧವಾದರೆ ಎರಡೂ ಕಾಯ್ದೆಗಳಲ್ಲಿ ನಿಷೇಧದ ಪಟ್ಟಿ ಇದೆ, ರೂಢಿಗೆ ವಿನಾಯಿತಿಯೂ ಇದೆ. ಮೊದಲೇ ವಕೀಲರನ್ನು ಕೇಳಿ. ಬೇರೆ ಬೇರೆ ಧರ್ಮದವರು ವಿಶೇಷ ಕಾಯ್ದೆಯಡಿ ಮದುವೆಯಾದರೆ ಮುಂದೆ ಉತ್ತರಾಧಿಕಾರದ ನಿಯಮವೂ ಬದಲಾಗುತ್ತದೆ. ಅದನ್ನೂ ಅದೇ ಭೇಟಿಯಲ್ಲಿ ಕೇಳಿ. ಗಂಡು ಗಂಡು, ಹೆಣ್ಣು ಹೆಣ್ಣು ಜೋಡಿಗಳಿಗೆ 2023ರ ತೀರ್ಪಿನ ನಂತರವೂ ಕಾನೂನಿನ ಮದುವೆ ಸಿಕ್ಕಿಲ್ಲ. ಆದರೆ ಸ್ನೇಹಿತರ ಎದುರು ತೋಟದಲ್ಲಿ ಮಾತು ಕೊಟ್ಟುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕೆಳಗಿನದ್ದೆಲ್ಲ ನಿಮಗೂ ಸೇರಿದ್ದು.

3. ತಿಂಗಳು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಳೆಯಲ್ಲಿ ಹಡ್ಲು ತುಂಬ ಸುಂದರವಾಗಿರುತ್ತದೆ, ನಿಜ. ಆದರೆ ನಿಲ್ಲಲು ನೆಲ ಇರುವುದಿಲ್ಲ. ಇಂಬಳ, ಅಂದರೆ ನೆಲದ ಜಿಗಣೆ, ಸೀರೆಯ ನೆರಿಗೆಯೊಳಗೆ ಹತ್ತಿರುತ್ತದೆ. ಘಟ್ಟದ ರಸ್ತೆಯಲ್ಲಿ ಗುಡ್ಡ ಜಾರಿದರೆ ನಿಮ್ಮ ಸಾಕ್ಷಿಗಳು ದಾರಿಯಲ್ಲೇ ಉಳಿಯುತ್ತಾರೆ.

ನವೆಂಬರ್ ಮಧ್ಯದಿಂದ ಫೆಬ್ರವರಿ ಒಳ್ಳೆಯ ಕಾಲ. ಕೆಸರು ಕೆಳಗೆ ಕೂತು ನೀರು ತಿಳಿಯಾಗಿರುತ್ತದೆ. ಬೆಳಗಿನ ಮಂಜು, ಆಮೇಲೆ ಎಳೆಬಿಸಿಲು. ತೊಂದರೆ ಏನೆಂದರೆ ಇದೇ ಕಾಫಿ ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರಡಿರುತ್ತಾರೆ, ಆಳುಗಳಿಗೆ ಪುರುಸೊತ್ತಿಲ್ಲ. "ಕಣದಲ್ಲಿ ಊಟ ಹಾಕ್ತೀವಿ" ಎಂದು ಕೇಳಲೇಬೇಡಿ. ಅದು ಅವರ ವರ್ಷದ ದುಡಿಮೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ. ಹಿರಿಯರು ಬರುವವರಿದ್ದರೆ ಅವರನ್ನು ಮೊದಲೇ ಒಂದು ಮಾತು ಕೇಳಿ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗೆ ರೂಮೂ ಸಿಗುವುದಿಲ್ಲ, ನೆಮ್ಮದಿಯೂ ಸಿಗುವುದಿಲ್ಲ.

ಕಾಫಿ ಹೂವಿನ ನಡುವೆ ಮದುವೆ ಆಗಬೇಕು ಎಂದು ಕೆಲವರಿಗೆ ಆಸೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಹೂ ಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಬೀಳುತ್ತದೆ. ಅದಾದ ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ತುಂಬುತ್ತದೆ. ಮೂರ್ನಾಲ್ಕು ದಿನ, ಅಷ್ಟೇ. ಅದಕ್ಕೆ ದಿನಾಂಕ ಗೊತ್ತು ಮಾಡಲು ಯಾರಿಂದಲೂ ಆಗದು. ಕಾಗದ ಮೊದಲೇ ಮುಗಿಸಿಟ್ಟುಕೊಂಡು, "ಹೂ ಬಿಟ್ಟಾಗ ಫೋನ್ ಮಾಡಿ" ಎಂದು ತೋಟದವರಿಗೆ ಹೇಳಿ, ಎರಡು ದಿನದಲ್ಲಿ ಹೊರಡಬಲ್ಲ ಐದಾರು ಜನ ಇದ್ದರೆ ಮಾತ್ರ ಇದು ಸಾಧ್ಯ. ಸಾಧ್ಯವಾದರೆ ಬಿಡಬೇಡಿ!

4. ಜಾಗ ಮತ್ತು ಒಪ್ಪಿಗೆ

ಖಾಸಗಿ ತೋಟದಲ್ಲೇ ಮಾಡಿ. ಭದ್ರಾ ಅಭಯಾರಣ್ಯವಾಗಲಿ, ಮೀಸಲು ಅರಣ್ಯವಾಗಲಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ. ಮದುವೆಯಂತೂ ದೂರದ ಮಾತು. ಬೇಲೂರು, ಹಳೇಬೀಡಿನ ದೇವಾಲಯಗಳ ಆವರಣ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸುಮ್ನೆ ಹೋಗಿ ಹಾರ ಬದಲಾಯಿಸಿಕೊಂಡು ಬರುತ್ತೇವೆ ಎಂದರೂ ಕಾವಲುಗಾರರು ತಡೆಯುತ್ತಾರೆ, ತಡೆಯಬೇಕಾದದ್ದೇ. ಸಖರಾಯಪಟ್ಟಣದ ಅಯ್ಯನಕೆರೆ, ಹಿರೇಕೊಳಲೆ ಕೆರೆ ನೋಡಲು ಚೆಂದ. ಆದರೆ ಸಾರ್ವಜನಿಕ ಜಾಗ, ವಾರದ ಕೊನೆಯಲ್ಲಿ ಜನಜಂಗುಳಿ. ಮದುವೆಯ ಮಾರನೇ ದಿನ ಇಬ್ಬರೇ ಹೋಗಿ ಕೂತು ಬನ್ನಿ.

ತೋಟದವರ ಜೊತೆ ಮಾತಾಡುವಾಗ ನಿಜ ಹೇಳಿ. ಬರ್ತ್‌ಡೇ ಎಂದು ಬುಕ್ ಮಾಡಿ ಹಾರ, ತಾಳಿ ಹಿಡಿದು ಬಂದರೆ ಅವರು ಗಾಬರಿಯಾಗುತ್ತಾರೆ. ಓಡಿಬಂದ ಜೋಡಿಗೆ ಜಾಗ ಕೊಟ್ಟರು ಎಂದು ನಾಳೆ ಪೊಲೀಸ್ ಠಾಣೆಗೆ ಹೋಗುವುದು ಯಾರಿಗೆ ಬೇಕು? ಮದುವೆ ಪ್ರಮಾಣಪತ್ರದ ಪ್ರತಿಯನ್ನು ಮೊದಲೇ ಕಳಿಸಿದರೆ ಅವರ ಧ್ವನಿಯೇ ಬದಲಾಗುತ್ತದೆ. ಕಾಗದ ಮೊದಲು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ಇಷ್ಟನ್ನು ಬರಹದಲ್ಲಿ ಪಡೆಯಿರಿ, ವಾಟ್ಸಾಪ್ ಮೆಸೇಜ್ ಆದರೂ ಸಾಕು: ದಿನಾಂಕ, ಗಂಟೆ, ಎಷ್ಟು ಜನ, ಯಾವ ಜಾಗದವರೆಗೆ ಹೋಗಬಹುದು, ಮುಂಗಡ ಎಷ್ಟು, ಮಳೆ ಬಂದರೆ ಯಾವ ಜಗಲಿ. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದೂ ಕೇಳಿ. ಅವತ್ತು ಬೇರೆ ಗುಂಪು ಇದೆಯೇ ಎಂದು ಕೇಳಲು ಮರೆಯಬೇಡಿ. ನಿಮ್ಮ ಮಂಗಳಸೂತ್ರದ ಹೊತ್ತಿಗೆ ಪಕ್ಕದಲ್ಲಿ ಡಿಜೆ ಬೇಡ.

5. ನೆಲ ಓದುವುದು

ಒಮ್ಮೆಯಾದರೂ ಮುಂಚೆ ಬಂದು ನೋಡಿ. ಫೋಟೋ ನೋಡಿ ಹಡ್ಲನ್ನು ಆರಿಸಲು ಆಗುವುದಿಲ್ಲ. ಹಸಿರು ಹುಲ್ಲಿನ ಹಾಸು ಎಂದು ಕಾಣುವುದು ಮೊಳಕಾಲುದ್ದದ ಹುದುಲು, ಅಂದರೆ ಕಾಲು ಹೂತುಹೋಗುವ ಕೆಸರು ಆಗಿರಬಹುದು.

ತೋಟದ ರೈಟರನ್ನು ಜೊತೆಗೆ ಕರೆದುಕೊಳ್ಳಿ. ರೈಟರ್ ಅಂದರೆ ತೋಟದ ಲೆಕ್ಕ, ಆಳು, ಕೆಲಸ ಎಲ್ಲ ನೋಡಿಕೊಳ್ಳುವವರು. ಎಲ್ಲಿ ದನ ಹೂತಿತ್ತು, ಎಲ್ಲಿ ಊಟೆ, ಅಂದರೆ ನೆಲದಿಂದ ನೀರು ಉಕ್ಕುವ ಜಾಗ, ಇದೆ ಎಂದು ಅವರಿಗೆ ಗೊತ್ತಿರುತ್ತದೆ. ಕೈಯಲ್ಲಿ ಒಂದು ಕೋಲು ಇರಲಿ. ನಿಲ್ಲಬೇಕೆಂದಿರುವ ಕಡೆಯೆಲ್ಲ ಒತ್ತಿ ನೋಡಿ. ಗೇಣುದ್ದ ಸಲೀಸಾಗಿ ಇಳಿದರೆ ಆ ಜಾಗ ಬಿಡಿ. ಒಬ್ಬರು ನಿಂತರೆ ತಡೆಯುವ ನೆಲ ಹತ್ತು ಜನ ಒಂದೇ ಕಡೆ ಕಾಲು ಗಂಟೆ ನಿಂತರೆ ತಡೆಯುವುದಿಲ್ಲ.

ನನ್ನ ಸಲಹೆ: ಶಾಸ್ತ್ರ ಕೆರೆ ಏರಿಯ ಮೇಲೆ ನಡೆಯಲಿ, ಹಡ್ಲು ಹಿನ್ನೆಲೆಯಲ್ಲಿರಲಿ. ಇಲ್ಲ, ಒಳಗೇ ಹೋಗಬೇಕು ಎಂದರೆ ಅಡಿಕೆ ದಬ್ಬೆ ಹಾಸಿಸಿ. ದಬ್ಬೆ ಅಂದರೆ ಅಡಿಕೆ ಮರ ಸೀಳಿ ಮಾಡಿದ ಉದ್ದನೆಯ ಪಟ್ಟಿ. ಮೇಲೆ ಹಳೆಯ ಗೋಣಿಚೀಲ ಹಾಸಿದರೆ ಕಾಲು ಜಾರುವುದಿಲ್ಲ. ಹಳ್ಳಕ್ಕೆ ಸಂಕ ಇದ್ದರೆ, ಅಂದರೆ ದಾಟಲು ಹಾಕಿದ ಮರದ ಕಾಲುಸೇತುವೆ, ಒಬ್ಬೊಬ್ಬರೇ ದಾಟಿ. ಸಂಕದ ಮೇಲೆ ಜೋಡಿ ಫೋಟೋ ತೆಗೆಸುವ ಆಸೆ ಇದ್ದರೆ ಮೊದಲು ರೈಟರನ್ನು ಕೇಳಿ.

ಒಂದು ಕೆಲಸ ಮಾತ್ರ ಮಾಡಿಸಬೇಡಿ. ಮಣ್ಣು ಅಥವಾ ಜಲ್ಲಿ ತುಂಬಿಸಿ ನೆಲ ಗಟ್ಟಿ ಮಾಡಿಸುವುದು. ದುಡ್ಡು ಕೊಟ್ಟರೆ ಮಾಡಿಕೊಡುವವರು ಸಿಗುತ್ತಾರೆ. ಹಡ್ಲು ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಹಳ್ಳಕ್ಕೆ ಬಿಡುತ್ತದೆ. ಇಂಥ ಹಳ್ಳಗಳೇ ಸೇರಿ ಹೇಮಾವತಿ, ಯಗಚಿ, ಭದ್ರೆಯರಾಗಿ ಹರಿಯುವುದು. ಒಂದು ಬೆಳಗಿನ ಮದುವೆಗೆ ಒಸರು ಮುಚ್ಚಿದರೆ ಅದು ಮತ್ತೆ ತೆರೆಯುವುದಿಲ್ಲ.

ಇನ್ನು ಪ್ರಾಣಿಗಳು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ನಿಜವಾದ ಅಪಾಯ. ಜನ ಸತ್ತಿದ್ದಾರೆ. ಭತ್ತ ಮಾಗುವ ನವೆಂಬರ್, ಡಿಸೆಂಬರ್‌ನಲ್ಲಿ ಗದ್ದೆ, ಹಡ್ಲಿಗೆ ಅವು ಇಳಿಯುತ್ತವೆ. ಮಂಜಿನ ಫೋಟೋದ ಆಸೆಗೆ ಬೆಳಗಿನ ಜಾವ ಐದಕ್ಕೆ ತೋಟಕ್ಕೆ ಇಳಿಯಬೇಡಿ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಆರೂವರೆ ದಾಟಿದ ಮೇಲೆ. ಎಂಟು ಗಂಟೆಗೆ ಶಾಸ್ತ್ರ ಇಟ್ಟುಕೊಂಡರೂ ಮಂಜಿನ ಎಳೆ ನೀರಿನ ಮೇಲೆ ಸಿಗುತ್ತದೆ. ಹಿಂದಿನ ರಾತ್ರಿ ಆನೆ ಎಲ್ಲಿದೆ ಎಂದು ತೋಟದವರನ್ನು ಕೇಳಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಕೊಡುವ ಸೂಚನೆ ಅವರ ಫೋನಿಗೆ ಬರುತ್ತಿರುತ್ತದೆ. "ಇವತ್ತು ಬೇಡ" ಎಂದರೆ ಬೇಡ. ಜಗಲಿಯಲ್ಲೇ ಮದುವೆಯಾಗಿ.

ಎತ್ತರದ ಮರಗಳನ್ನು ತಲೆಯೆತ್ತಿ ನೋಡಿ. ಹೆಜ್ಜೇನು ಕಟ್ಟಿದ್ದರೆ ಅದರ ಕೆಳಗೆ ಹೋಮವೂ ಬೇಡ, ಕರ್ಪೂರದ ಹೊಗೆಯೂ ಬೇಡ, ಪಟಾಕಿಯಂತೂ ಬೇಡವೇ ಬೇಡ. ಡ್ರೋನ್ ಸದ್ದಿಗೂ ಅವು ಏಳುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಡಿಸೆಂಬರ್‌ನಿಂದ ಮೇ ವರೆಗೆ ಮಂಗನ ಕಾಯಿಲೆಯ ಭಯ ಇರುತ್ತದೆ. ಇದನ್ನು ಹರಡುವುದು ಉಣುಗು, ಅಂದರೆ ದನಕರುವಿಗೆ ಹತ್ತುವ ಉಣ್ಣೆಯಂಥದ್ದೇ ಸಣ್ಣ ಹುಳ. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ತೋಟ ಬಿಡಿ. ಇಲ್ಲದಿದ್ದರೂ ತರಗೆಲೆಯ ಮೇಲೆ ಕೂರಬೇಡಿ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ವಾಪಸ್ ಬಂದು ಬಿಸಿನೀರು ಸ್ನಾನ ಮಾಡಿ.

6. ಶಾಸ್ತ್ರ

ಕಾನೂನಿನ ಮದುವೆ ಕಚೇರಿಯಲ್ಲಿ ಮುಗಿದಿದ್ದರೆ ಇಲ್ಲಿ ಯಾವ ಕಟ್ಟುಪಾಡೂ ಇಲ್ಲ. ಹಾರ ಬದಲಾಯಿಸಿಕೊಂಡರೂ ಸಾಕು. ಆದರೂ ಏನಾದರೂ ಒಂದು ಕ್ರಮ ಇದ್ದರೆ ಮನಸ್ಸಿಗೆ ಮದುವೆ ಆಯಿತು ಅನಿಸುತ್ತದೆ. ನನಗೆ ಮಂತ್ರ ಮಾಂಗಲ್ಯದಷ್ಟು ಹೊಂದುವ ಕ್ರಮ ಬೇರೆ ಕಾಣುವುದಿಲ್ಲ. ಕುವೆಂಪು ಅವರು ರೂಪಿಸಿದ ಸರಳ ವಿವಾಹ ಇದು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಜಾತಕ ಇಲ್ಲ, ಆಡಂಬರ ಇಲ್ಲ. ಒಬ್ಬ ಹಿರಿಯರೋ ಸ್ನೇಹಿತರೋ ಪ್ರತಿಜ್ಞೆ ಓದಿಸುತ್ತಾರೆ, ವಧೂವರರು ಅರ್ಥ ತಿಳಿದು ಹೇಳುತ್ತಾರೆ. ಮಗ ಪೂರ್ಣಚಂದ್ರ ತೇಜಸ್ವಿ ಅವರ ಮದುವೆಯನ್ನು 1966ರಲ್ಲಿ ಹೀಗೆಯೇ ಮಾಡಿಸಿದರು. ಆ ತೇಜಸ್ವಿ ಆಮೇಲೆ ಬಾಳಿದ್ದು ಇದೇ ಮೂಡಿಗೆರೆಯ ಕಾಫಿ ತೋಟದಲ್ಲಿ. ಈ ಮಣ್ಣಿಗೆ ಸರಳ ಮದುವೆ ಹೊಸದಲ್ಲ.

ಪ್ರತಿಜ್ಞೆ ಓದಿಸುವವರು ದಪ್ಪ ಅಕ್ಷರದಲ್ಲಿ ಬರೆದ ಕಾಗದ ಇಟ್ಟುಕೊಳ್ಳಲಿ. ಫೋನ್ ಬೇಡ, ಮಂಜಿನ ತೇವಕ್ಕೆ ಬೆರಳು ಸ್ಕ್ರೀನಿನ ಮೇಲೆ ಓಡುವುದಿಲ್ಲ. ಕಪ್ಪೆ, ಹಕ್ಕಿ, ನೀರಿನ ಸದ್ದಿಗೆ ಮೆಲುದನಿ ಮುಳುಗುತ್ತದೆ. ಎಲ್ಲರೂ ಹತ್ತಿರ, ಅರ್ಧ ವೃತ್ತವಾಗಿ ನಿಲ್ಲಿ. ತಾಳಿಯೋ ಉಂಗುರವೋ ಒಂದು ತಟ್ಟೆಯಲ್ಲಿ ಇರಲಿ, ಹಿಡಿದುಕೊಳ್ಳಲು ಒಬ್ಬರು ಗೊತ್ತಾಗಿರಲಿ. ಒಂದು ಮದುವೆಯಲ್ಲಿ ಉಂಗುರ ಕೈಜಾರಿ ಕೆಸರಿಗೆ ಬಿತ್ತು. ಎರಡು ಗಂಟೆ ಹುಡುಕಿದೆವು, ಸಿಗಲಿಲ್ಲ.

ಅಲಂಕಾರಕ್ಕೆ ಬಾಳೆಕಂದು, ಮಾವಿನ ಸೊಪ್ಪು, ಬಗಿನೆ ಮರದ ಗರಿ, ಹಾಸನದ ಸಂತೆಯ ಸೇವಂತಿಗೆ ಸಾಕು. ನೈದಿಲೆ ಕೀಳಬೇಡಿ. ಹಾರ, ಅಕ್ಷತೆ, ಅರಿಶಿನ, ಕುಂಕುಮ ಯಾವುದೂ ನೀರಿಗೆ ಹೋಗದಿರಲಿ. ಥರ್ಮಾಕೋಲ್, ಪ್ಲಾಸ್ಟಿಕ್ ಹೂ ತಂದರೆ ಗೇಟಿನಲ್ಲೇ ಬಿಡಿ.

7. ಉಡುಪು, ಊಟ, ದಾರಿ

ಸೀರೆ ಕಣಕಾಲಿಗಿಂತ ಸ್ವಲ್ಪ ಮೇಲೆ ಬರುವ ಹಾಗೆ ಉಡಿ, ಪಂಚೆ ಎತ್ತಿ ಕಟ್ಟಿ. ಹಿಮ್ಮಡಿ ಎತ್ತರದ ಚಪ್ಪಲಿ ತರಲೇಬೇಡಿ. ಜಾಗದವರೆಗೆ ಗಂಬೂಟು, ಅಲ್ಲಿ ಬರಿಗಾಲು. ಇಂಬಳ ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಬಿಡುತ್ತದೆ.

ಊಟ ತೋಟದ ಮನೆಯ ಅಡುಗೆಯವರಿಗೇ ಬಿಡಿ. ಅಕ್ಕಿ ರೊಟ್ಟಿ, ಕಡುಬು, ಕಾಯಿ ಚಟ್ನಿ, ಅವರೆಕಾಳಿನ ಸಾರು, ಒಂದು ಪಾಯಸ. ಬಾಳೆಲೆ ಅಲ್ಲೇ ಸಿಗುತ್ತದೆ. ಹತ್ತು ಜನರ ಊಟಕ್ಕೆ ಪೇಟೆಯ ಕೇಟರಿಂಗ್ ಕರೆಸುವುದು ದಂಡ.

ಬರುವವರಿಗೆಲ್ಲ ದಾರಿಯನ್ನು ಬರೆದು ಕಳಿಸಿ, ಯಾವ ಬಸ್ ಸ್ಟಾಪಿನ ಹತ್ತಿರ, ಯಾವ ಶಾಲೆ ದಾಟಿ ಎಡಕ್ಕೆ ಎಂಬುದೂ ಸೇರಿ. ಮ್ಯಾಪ್ ನಂಬಿದವರು ಸಿಗ್ನಲ್ ಇಲ್ಲದ ಕಡೆ ಬೇರೆ ತೋಟದ ಗೇಟಿಗೆ ಹೋಗಿ ನಿಲ್ಲುತ್ತಾರೆ. ಎಲ್ಲರೂ ಹಿಂದಿನ ದಿನ ಕತ್ತಲಾಗುವ ಮೊದಲೇ ಬಂದು ಸೇರಲಿ. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಷ್ಟು ದೂರ ಎಂದು ಒಬ್ಬರಿಗಾದರೂ ಗೊತ್ತಿರಲಿ.

8. ಮುಗಿದ ಮೇಲೆ

ಹಿಂದೂ ವಿವಾಹ ಕಾಯ್ದೆಯ ದಾರಿ ಹಿಡಿದವರು ಊರಿಗೆ ಹೋದ ವಾರದಲ್ಲೇ ನೋಂದಣಿಗೆ ಅರ್ಜಿ ಹಾಕಿ. "ಆಮೇಲೆ ಮಾಡಿಸೋಣ" ಎಂದು ಬಿಟ್ಟವರು ಮಗುವಿನ ಪಾಸ್‌ಪೋರ್ಟ್ ಹೊತ್ತಿಗೆ ಸಾಕ್ಷಿಗಳನ್ನು ಹುಡುಕುತ್ತಾ ಓಡಾಡಿದ್ದಾರೆ. ಇಬ್ಬರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರಾಗಿದ್ದರೆ ಅಂತರ್ಜಾತಿ ವಿವಾಹದ ಪ್ರೋತ್ಸಾಹಧನದ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ, ಅದಕ್ಕೂ ಮದುವೆಯ ಪ್ರಮಾಣಪತ್ರವೇ ಆಧಾರ. ಪ್ರಮಾಣಪತ್ರದ ದೃಢೀಕೃತ ಪ್ರತಿ ಎರಡು ಮೂರು ತೆಗೆದಿಟ್ಟುಕೊಳ್ಳಿ.

ಮನೆಯವರಿಗೆ ಹೇಳದೆ ಮದುವೆಯಾಗಿದ್ದರೆ ಮೊದಲ ಫೋನ್ ನೀವೇ ಮಾಡಿ. ಸ್ಟೇಟಸ್ ನೋಡಿ ಅಮ್ಮನಿಗೆ ಗೊತ್ತಾಗುವುದು ಬೇಡ. ಬೆದರಿಕೆ ಇದ್ದ ಮನೆಯಾದರೆ ಎಲ್ಲಿದ್ದೀರಿ ಎಂದು ಹೇಳದೆ, ಕ್ಷೇಮವಾಗಿದ್ದೇವೆ ಎಂದಷ್ಟೇ ಹೇಳಿ.

ತೋಟ ಬಿಡುವ ಮೊದಲು ಹಾಸಿದ ದಬ್ಬೆಗಳನ್ನು ಅವತ್ತೇ ಎತ್ತಿಸಿ. ನಾಲ್ಕು ದಿನ ಬಿಟ್ಟರೆ ಅಡಿಯ ಹುಲ್ಲು ಕೊಳೆಯುತ್ತದೆ. ದಾರ, ಪಿನ್ನು, ಕರ್ಪೂರದ ಕವರು ಎಲ್ಲ ಹೆಕ್ಕಿ ಚೀಲಕ್ಕೆ ಹಾಕಿ ನಿಮ್ಮ ಜೊತೆಗೇ ಒಯ್ಯಿರಿ. ದಬ್ಬೆ ಹೊತ್ತ ಆಳುಗಳಿಗೆ, ಅಡುಗೆ ಮಾಡಿದ ಅಕ್ಕಂದಿರಿಗೆ, ರೈಟರಿಗೆ ಬೇರೆ ಬೇರೆಯಾಗಿ ಕೈಯಲ್ಲೇ ಏನಾದರೂ ಕೊಡಿ. ಮಾಲೀಕರ ಬಿಲ್ಲಿನಲ್ಲಿ ಅವರ ಪಾಲು ಸೇರಿರುವುದಿಲ್ಲ.